ಐದು ನಿಮಿಷ ಕೂತ ಮೇಲೆ

ಮೊನ್ನೆ ಮಾವಿನಕಾಯಿ ಹೆಚ್ಚಿ ಉಪ್ಪಿಗೆ ಹಾಕುತ್ತಿದ್ದೆ. ಡಬ್ಬದಿಂದ ಕಲ್ಲುಪ್ಪು ಮೊಗೆಯುವಾಗ ಒಂದು ಹಿಡಿ ನೆಲಕ್ಕೆ ಚೆಲ್ಲಿತು. ಉಪ್ಪು ತುಳಿಯಬಾರದು ಎಂದು ನಮ್ಮಮ್ಮ ಹೇಳುತ್ತಿದ್ದರು. ಮಂಡಿನೋವನ್ನು ಬೈದುಕೊಳ್ಳುತ್ತಲೇ ಕೆಳಗೆ ಕೂತು ಹರಳುಗಳನ್ನು ಆರಿಸಿ, ಹಳೆಯ ಪೇಪರ್ ಚೂರೊಂದರಲ್ಲಿ ಹಾಕಿ ಪೊಟ್ಟಣ ಕಟ್ಟಿದೆ. ಕಟ್ಟಿದ ಮೇಲೆ ಕೈ ಅಲ್ಲೇ ನಿಂತಿತು. ಹುಳಿಮಾವಿನ ವಾಸನೆ, ಪೇಪರಿನಲ್ಲಿ ಸುತ್ತಿದ ಕಲ್ಲುಪ್ಪು... ಇಂಥದೇ ಪೊಟ್ಟಣವನ್ನು ನಾನು ಇನ್ನೊಬ್ಬರ ಕೈಯಲ್ಲಿ ನೋಡಿದ್ದೆ. ಟೀಚರ್ ಕೈಯಲ್ಲಿ.

ನಾನು ಸಂಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ. ನರ್ಸ್ ಅನ್ನುವುದು ಹೆಸರಿಗೆ. ಟೋಕನ್ ಕೊಡುವುದು, ಇಂಜೆಕ್ಷನ್ ಚುಚ್ಚುವುದು, ಬಿಪಿ ನೋಡುವುದು, ಅಳುವ ಮಕ್ಕಳನ್ನು ಗದರುವುದು, ಎಲ್ಲ ನಾನೇ. ನಮ್ಮ ಡಾಕ್ಟರ ಅಕ್ಷರ ಮೆಡಿಕಲ್ ಸ್ಟೋರಿನವರಿಗೂ ಬಗೆಹರಿಯುತ್ತಿರಲಿಲ್ಲ, ಹಾಗಾಗಿ ರಜೆಗೆ, ಶಾಲೆಗೆ, ಆಫೀಸಿಗೆ ಕೊಡುವ ಪತ್ರಗಳನ್ನೆಲ್ಲ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ, ಅವರು ಕೆಳಗೆ ಸಹಿ ಹಾಕುತ್ತಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ನನಗೆ ಜಂಬವೂ ಇತ್ತು.

ಕ್ಲಿನಿಕ್ ಬೇಕರಿಯ ಮೇಲೆ ಮೊದಲನೇ ಮಹಡಿಯಲ್ಲಿತ್ತು, ಹದಿನೆಂಟು ಮೆಟ್ಟಿಲು. ಹತ್ತಿ ಬಂದವರು ಯಾರೇ ಆಗಲಿ ನನ್ನ ಮೊದಲ ಮಾತು ಒಂದೇ: "ಕೂತ್ಕೊಳ್ಳಿ, ಐದು ನಿಮಿಷ." ನಡೆದು ಬಂದವರ ಬಿಪಿ ಕೂಡಲೇ ನೋಡಬಾರದು, ತಪ್ಪು ತೋರಿಸುತ್ತದೆ. ಟ್ರೈನಿಂಗಿನಲ್ಲಿ ತಲೆಗೆ ಮೊಟಕಿ ಕಲಿಸಿದ ಪಾಠ ಅದು. ಬೇರೆ ಕ್ಲಿನಿಕ್ಕುಗಳಲ್ಲಿ ನಿಂತವರ ತೋಳಿಗೇ ಪಟ್ಟಿ ಸುತ್ತಿ ಎರಡು ಸಲ ಒತ್ತಿ ಕಳಿಸುತ್ತಿದ್ದರು. ನನ್ನ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ, ಕಾಲು ನೆಲಕ್ಕೆ ಊರಿ, ಮಾತಾಡದೆ ಗಡಿಯಾರ ನೋಡಿ ಐದು ನಿಮಿಷ ಕೂರದವರ ಬಿಪಿಯನ್ನು ನಾನು ಮುಟ್ಟಿದವಳೇ ಅಲ್ಲ. ಮಂತ್ರಿ ಬಂದರೂ ಅಷ್ಟೇ ಎನ್ನುತ್ತಿದ್ದೆ. ಮಂತ್ರಿ ಯಾಕೆ ಬರುತ್ತಾನೆ, ಅದು ಬೇರೆ ಮಾತು.

ಟೀಚರ್ ಮೊದಲು ಬಂದದ್ದು ೨೦೧೦ರ ಮಳೆಗಾಲ ಶುರುವಾದ ಮೇಲೆ. ಗದಗಿನ ಕಡೆಯವರು, ಮೂವತ್ತರ ಆಸುಪಾಸು. ಗಂಡ ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿದ್ದರು. ಕೋಗಿಲಿನಲ್ಲಿ ಬಾಡಿಗೆ ಮನೆ, ಅದೂ ನನ್ನ ದೊಡ್ಡಪ್ಪನ ಮಗಳ ಮನೆಯ ಹಿಂದಿನ ಎರಡು ರೂಮು. ನಾನು ಹುಟ್ಟಿದ್ದು ಕೋಗಿಲಿನಲ್ಲೇ, ಅದು ಇನ್ನೂ ಹಳ್ಳಿಯಾಗಿದ್ದಾಗ. ಆ ಕಾರಣಕ್ಕೋ ಏನೋ ಮೊದಲ ದಿನವೇ ಸಲುಗೆ ಬೆಳೆಯಿತು. ನಮ್ಮ ಕ್ಲಿನಿಕ್ಕಿನ ಹಿಂದಿನ ರಸ್ತೆಯ ಕನ್ನಡ ಶಾಲೆಯಲ್ಲಿ ಅವರು ಗಣಿತ ಹೇಳಿಕೊಡುತ್ತಿದ್ದರು.

ತೊಂದರೆ ಏನು ಎಂದು ಕೇಳಿದರೆ ಅವರು ಹೇಳಿದ್ದು ಒಂದೇ ಮಾತು.

"ನಿಂದ್ರಾಕ ಆಗವಲ್ದ್ರೀ ಸಿಸ್ಟರ್."

ಹಿಂದಿನ ವರ್ಷ ಮೈಕೈ ನೋವಿನ ಜ್ವರ ಬಂದಿತ್ತಂತೆ. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಬೆಳಗಿನ ಪ್ರಾರ್ಥನೆಗೆ ನಿಂತರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕಣ್ಣ ಮುಂದೆ ಕಪ್ಪು ಚುಕ್ಕೆ ಕುಣಿಯುತ್ತವೆ, ಮಕ್ಕಳ ದನಿ ಎಲ್ಲೋ ದೂರದಿಂದ ಬರುತ್ತದೆ. ಕೂತರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಬೋರ್ಡಿನ ಮೇಲೆ ಕೈಯೆತ್ತಿ ಬರೆಯಲು ಆಗುವುದಿಲ್ಲವೆಂದು ಕೆಳಗಿನ ಅರ್ಧದಲ್ಲಿ ಮಾತ್ರ ಲೆಕ್ಕ ಬರೆಯುತ್ತಿದ್ದರಂತೆ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ನೋಡುತ್ತಿದ್ದವಂತೆ.

"ಹಂಗಾದ್ರೆ ಕುರ್ಚಿ ಮೇಲೆ ಕೂತು ಪಾಠ ಮಾಡಿ ಟೀಚರ್," ಅಂದೆ ನಾನು.

"ಕುರ್ಚಿ ಎಲ್ಲೈತ್ರೀ?"

ಆ ಶಾಲೆಯಲ್ಲಿ ಒಂದು ಬೇಸಿಗೆ ರಜೆಯಲ್ಲಿ ತರಗತಿಗಳ ಕುರ್ಚಿಗಳನ್ನೆಲ್ಲ ತೆಗೆಸಿಬಿಟ್ಟಿದ್ದರು. ಕುರ್ಚಿಯಿದ್ದರೆ ಮೇಷ್ಟ್ರುಗಳು ಕೂರುತ್ತಾರೆ, ಕೂತರೆ ತೂಕಡಿಸುತ್ತಾರೆ, ನಿಂತೇ ಪಾಠ ಮಾಡಬೇಕು ಎಂದು ಆಡಳಿತದವರ ಕಟ್ಟುನಿಟ್ಟು. ಟೀಚರ್ ಹೋಗಿ ಕುರ್ಚಿ ಕೇಳಿದಾಗ ಮುಖ್ಯೋಪಾಧ್ಯಾಯರು ಆಗುವುದಿಲ್ಲ ಎನ್ನಲಿಲ್ಲ. ಕಾಯಿಲೆ ಇದೆ ಎಂದು ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ, ಕೊಡೋಣ ಎಂದರು. ಅಷ್ಟೇ. ಟೀಚರ್‌ಗೆ ಬೇಕಾಗಿದ್ದದ್ದು ಒಂದು ಕುರ್ಚಿ, ಅದಕ್ಕೆ ಒಂದು ಕಾಗದ. ಅದಿಲ್ಲದಿದ್ದರೆ ಕೆಲಸ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗಣಿತ ಹೇಳಿಕೊಡುವುದೆಂದರೆ ಅವರಿಗೆ ಪ್ರಾಣ. ಕ್ಯೂನಲ್ಲಿ ಕೂತಿದ್ದಾಗಲೂ ಪಕ್ಕದವರ ಮಗುವಿಗೆ ಟೋಕನ್ ನಂಬರ್ ಹಿಡಿದುಕೊಂಡು ಭಾಗಾಕಾರ ಕಲಿಸುತ್ತಿದ್ದರು.

ಕ್ಲಿನಿಕ್ಕಿಗೆ ಬರುವವರೆಲ್ಲ ಏನೂ ಇಲ್ಲ ಎಂದು ಹೇಳಿಸಿಕೊಳ್ಳಲು ಬರುತ್ತಾರೆ. ಟೀಚರ್ ಏನಾದರೂ ಇದೆ ಎಂದು ಹೇಳಿಸಿಕೊಳ್ಳಲು ಬರುತ್ತಿದ್ದರು. ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಕೂರಿಸುತ್ತಿದ್ದೆ. ಐದು ನಿಮಿಷ. ಬಿಪಿ ಬಂಗಾರದಂತೆ ಇರುತ್ತಿತ್ತು, ನಾಡಿ ಎಂಬತ್ತರ ಆಚೆ ಈಚೆ. ಹಳದಿ ಕಾರ್ಡಿನಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದು ಒಳಗೆ ಕಳಿಸುತ್ತಿದ್ದೆ. ನಮ್ಮ ಡಾಕ್ಟರು ಕೆಟ್ಟವರಲ್ಲ. ರಕ್ತ, ಥೈರಾಯ್ಡ್, ಸಕ್ಕರೆ, ಇಸಿಜಿ ಎಲ್ಲ ಮಾಡಿಸಿದರು. ರಕ್ತ ಒಂಚೂರು ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ರಕ್ತ ಸರಿಯಾಯಿತು, ಟೀಚರ್ ಹಾಗೇ ಉಳಿದರು. ಕೊನೆಗೆ ಡಾಕ್ಟರು, "ಟೆನ್ಷನ್ ಕಣಮ್ಮ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಟೀಚರ್ ಹೊರಗೆ ಬಂದು ನನ್ನನ್ನು ಕೇಳಿದರು: "ಮನಸ್ಸು ನಿಂತಾಗ ಅಷ್ಟ ಕೆಡ್ತೇತೇನ್ರೀ ಸಿಸ್ಟರ್? ಕುಂತ ಕೂಡ್ಲೆ ಶಾಣ್ಯಾ ಆಗ್ತೇತೇನು?" ನಾನು ನಕ್ಕೆ.

ಆ ಉಪ್ಪಿನ ಪೊಟ್ಟಣ ಅವರ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿತ್ತು. ಕೂತಲ್ಲೇ ಎರಡು ಹರಳು ಬಾಯಿಗೆ ಹಾಕಿಕೊಂಡು ಚೀಪುತ್ತಿದ್ದರು, ಮೇಲೆ ಗಟಗಟ ನೀರು. ಯಾಕೋ ಬೇಕೆನ್ನಿಸುತ್ತದೆ, ತಿಂದರೆ ತುಸು ಹಗುರಾಗುತ್ತದೆ ಎನ್ನುತ್ತಿದ್ದರು. ನಾನು ಒಮ್ಮೆ, "ಏನ್ ಟೀಚರ್, ಏನಾದ್ರೂ ವಿಶೇಷನಾ?" ಎಂದು ಎಲ್ಲರೆದುರು ಕೇಳಿಬಿಟ್ಟೆ. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವರು ಪೊಟ್ಟಣ ಮಡಿಸಿ ಒಳಗಿಟ್ಟರು. ಹತ್ತಿಪ್ಪತ್ತು ದಿನ ಕ್ಲಿನಿಕ್ಕಿನ ಕಡೆಗೇ ಬರಲಿಲ್ಲ. ಆಮೇಲೆ ಬಂದಾಗ ಇಬ್ಬರೂ ಅದರ ಮಾತೆತ್ತಲಿಲ್ಲ.

ನನ್ನನ್ನು ಗೊಂದಲಕ್ಕೆ ಕೆಡವಿದ್ದು ಬೇರೆಯೇ. ಟೀಚರ್ ಕೆಲವು ದಿನ ಪೂರ್ತಿ ಚೆನ್ನಾಗಿರುತ್ತಿದ್ದರು. ಬಸ್ಸು ಹಿಡಿಯಲು ಓಡುವುದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಕಾಯಿಲೆ ಇದ್ದವರು ಹೀಗೆ ಓಡುತ್ತಾರೆಯೇ? ಇನ್ನು ಕೆಲವು ದಿನ ಮೆಟ್ಟಿಲಿನ ಅರ್ಧದಲ್ಲೇ ಕೂತಿರುತ್ತಿದ್ದರು, ಬೇಕರಿಯವನು ಮೇಲೆ ಕೂಗಿ ಹೇಳುತ್ತಿದ್ದ. ಎರಡರಲ್ಲಿ ಯಾವುದು ನಿಜ? ನನ್ನ ಬುದ್ಧಿಗೆ ತೋಚಿದ್ದು ನಡಿಗೆ. ಆ ಕಾಲದಲ್ಲಿ ನಾನು ಜಗತ್ತಿನ ಎಲ್ಲ ಕಾಯಿಲೆಗೂ ನಡಿಗೆಯೇ ಮದ್ದು ಎನ್ನುತ್ತಿದ್ದವಳು. ಡಾಕ್ಟರೂ ತಲೆಯಾಡಿಸಿದರು.

ಒಂದು ಭಾನುವಾರ ಬೆಳಿಗ್ಗೆ ಟೀಚರನ್ನು ಹೆಬ್ಬಾಳ ಕೆರೆಯ ಹತ್ತಿರ ಕರೆದುಕೊಂಡು ಹೋದೆ. ಮೊದಮೊದಲು ನನ್ನ ತೋಳು ಹಿಡಿದಿದ್ದರು, ಆಮೇಲೆ ಬಿಟ್ಟರು. ನಡೆದರು ನೋಡಿ, ಒಂದು ಗಂಟೆಗೂ ಮೇಲೆ. ನೀರಕೋಳಿಗಳನ್ನು ಎಣಿಸಿದರು, ತಮ್ಮ ಊರಿನ ಕೆರೆಯ ಕಥೆ ಹೇಳಿದರು, ನನ್ನನ್ನು ಹಿಂದೆ ಹಾಕಿ ಮುಂದೆ ಮುಂದೆ ಹೋದರು. ನಿಂತರೆ ಆಗುವುದಿಲ್ಲ, ನಡೆಯುತ್ತಿದ್ದರೆ ಅಷ್ಟು ಬಾಧೆಯಿಲ್ಲ ಎಂದರು. ನನಗೆ ಖುಷಿಯೋ ಖುಷಿ. ಕಂಡಿರಾ, ದೇಹಕ್ಕೆ ಸೋಮಾರಿತನ ಹತ್ತಿತ್ತು ಅಷ್ಟೇ, ನಾನು ಬಿಡಿಸಿದೆ ಎಂದುಕೊಂಡೆ. ಸೋಮವಾರ ಅವರು ಶಾಲೆಗೂ ಹೋದರು.

ಮಂಗಳವಾರದಿಂದ ಏಳಲಿಲ್ಲ. ನಮ್ಮ ದೊಡ್ಡಪ್ಪನ ಮಗಳು ಫೋನ್ ಮಾಡಿ, "ಅಕ್ಕಾ, ನಿನ್ ಟೀಚರಮ್ಮಂಗೆ ನೀರ್ ಲೋಟ ಎತ್ತಕ್ಕೂ ಆಗ್ತಿಲ್ಲ ಕಣಕ್ಕ, ಬಾಗ್ಲು ತಗ್ಯೋಕೇ ಅರ್ಧ ಗಂಟೆ ಮಾಡುದ್ರು, ಇಂಗೆ ಆದ್ರೆ ಎಂಗೆ?" ಎಂದಳು. ಸಂಜೆ ಹೋಗಿ ನೋಡಿದೆ. ಕಿಟಕಿಗೆ ಸೀರೆ ಕಟ್ಟಿ ಕತ್ತಲೆ ಮಾಡಿಕೊಂಡು ಮಲಗಿದ್ದರು. ಮೈಯೆಲ್ಲ ಜಜ್ಜಿದ ಹಾಗಿದೆ, ನಿದ್ದೆ ಮಾಡಿದಷ್ಟೂ ಸುಸ್ತು ಹೆಚ್ಚುತ್ತದೆ ಎಂದರು. ಆರು ದಿನ ಹಾಗೇ ಇದ್ದರು. ಭಾನುವಾರ ನಡೆದದ್ದಕ್ಕೆ ಮಂಗಳವಾರ ಬೀಳುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ನಡೆದ ದಿನ ಚೆನ್ನಾಗಿದ್ದರಲ್ಲ! ಮರುದಿನವೂ ಚೆನ್ನಾಗಿದ್ದರಲ್ಲ! ನಡುವೆ ಏನೋ ತಿಂದಿರಬೇಕು, ಹೊಸ ಜ್ವರ ಇರಬೇಕು ಎಂದುಕೊಂಡೆ. ಮುಂದಿನ ಭಾನುವಾರ ಮತ್ತೆ ನಡೆಯೋಣ ಎಂದೂ ಹೇಳಿ ಬಂದೆ.

ಇನ್ನು ಒಂದು ಪೆನ್ಸಿಲ್ಲಿನ ಮಾತು. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದ್ದೇನೆ.

೨೦೧೧ ಮುಗಿಯುತ್ತ ಬಂದಿತ್ತು. ಟೀಚರ್ ತರಗತಿಯಲ್ಲಿ ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ಕೂತು ಪಾಠ ಮಾಡುವುದನ್ನು ಆಡಳಿತದವರು ನೋಡಿದ್ದರು. ಕಾಗದ ತನ್ನಿ, ಇಲ್ಲವೇ ನಿಂತು ಪಾಠ ಮಾಡಿ, ಎರಡೂ ಆಗದಿದ್ದರೆ ಬಿಡಿ ಎಂದು ಖಡಾಖಂಡಿತ ಹೇಳಿದ್ದರು. ಆ ದಿನ ಕ್ಲಿನಿಕ್ಕಿನಲ್ಲಿ ಜನ ಕಿಕ್ಕಿರಿದಿದ್ದರು. ನನ್ನ ಸ್ಟೂಲಿನ ಮೇಲೆ ಕೆಮ್ಮುವ ಒಬ್ಬ ಅಜ್ಜ ಕೂತಿದ್ದ. ಟೀಚರ್ ಕೌಂಟರಿಗೆ ಒರಗಿ ನಿಂತಿದ್ದರು. ಹೊತ್ತು ಉಳಿಯಲಿ ಎಂದು ಅವರು ನಿಂತಿದ್ದ ಹಾಗೇ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. ನೂರ ಮೂವತ್ತೆರಡು.

ಪೆನ್ಸಿಲ್ಲಿನಿಂದ ಕಾರ್ಡಿನ ಮೂಲೆಯಲ್ಲಿ ಬರೆದೆ. ಬರೆದು, "ಏನ್ ಟೀಚರ್, ಮೆಟ್ಲು ಓಡಿ ಬಂದ್ರಾ?" ಅಂದೆ.

"ಇಲ್ರೀ. ಬಂದು ಕಾಲ್ ತಾಸ್ ಆತು. ಇಲ್ಲೇ ನಿಂತೀನಲ್ರೀ, ನಿಮ್ಮ ಕಣ್ಣ ಮುಂದನ."

ನಿಜ. ಅವರು ಅಲ್ಲೇ ನಿಂತಿದ್ದರು, ನಾನು ನೋಡಿದ್ದೆ. ಕೆಳಗೆ ಕಣ್ಣು ಹೋಯಿತು. ಚಪ್ಪಲಿಯೊಳಗಿನ ಕಾಲ್ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೊಸ ಚಪ್ಪಲಿ ಬಿಗಿಯಾಗಿರಬೇಕು ಎಂದುಕೊಂಡೆ. ಎಲ್ಲದಕ್ಕೂ ನನ್ನ ಹತ್ತಿರ ಒಂದು ಸಮಾಧಾನ ಸಿದ್ಧವಾಗಿರುತ್ತಿತ್ತು.

ಟೀಚರ್ ಆ ಅಂಕಿ ನೋಡಿದರು. ಅವರ ಕಣ್ಣು ಅಷ್ಟು ಹೊಳೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಇದನ್ನ ಬರೀರಿ ಸಿಸ್ಟರ್. ಇದನ್ನ ಡಾಕ್ಟರಿಗೆ ತೋರಸ್ರಿ," ಎಂದರು.

"ಇದು ಲೆಕ್ಕಕ್ಕೆ ಬರಲ್ಲ ಟೀಚರ್. ನಿಂತಾಗ ನೋಡಿದ್ದು ತಪ್ಪು ಬರುತ್ತೆ. ಕೂತ್ಕೊಳ್ಳಿ, ಐದು ನಿಮಿಷ," ಎಂದು ಅಜ್ಜನನ್ನು ಎಬ್ಬಿಸಿ ಸ್ಟೂಲು ಕೊಟ್ಟೆ. ಗಡಿಯಾರ ನೋಡಿದೆ. ಮತ್ತೆ ಎಣಿಸಿದೆ. ಎಂಬತ್ತನಾಲ್ಕು. ರಬ್ಬರಿನಿಂದ ಮೂಲೆಯ ಅಂಕಿಯನ್ನು ಉಜ್ಜಿ, ಪುಡಿಯನ್ನು ಊದಿ, ನೀಲಿ ಶಾಯಿಯಲ್ಲಿ ಎಂಬತ್ತನಾಲ್ಕು ಎಂದು ಬರೆದೆ. ಅವರು ನೋಡುತ್ತಲೇ ಇದ್ದರು. ಲೆಕ್ಕದ ಟೀಚರಿಗೆ ಲೆಕ್ಕಕ್ಕೆ ಬರಲ್ಲ ಎಂದು ಹೇಳಿದವಳು ನಾನು!

ಒಳಗೆ ಡಾಕ್ಟರು ಕಾರ್ಡನ್ನು ಮೇಲಿಂದ ಕೆಳಗೆ ನೋಡಿದರು. ಒಂದೂವರೆ ವರ್ಷದ ಅಂಕಿಗಳು, ಒಂದಕ್ಕಿಂತ ಒಂದು ಚೆಂದ. "ಯಾವ ಕಾಯಿಲೆ ಅಂತ ಬರೀಲಮ್ಮ? ಸುಳ್ಳು ಬರೆಯೋಕಾಗುತ್ತಾ?" ಎಂದು ನೊಂದುಕೊಂಡೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, ನಾನು ಬರೆದೆ. ಇವರನ್ನು ಹಲವು ಸಲ ಪರೀಕ್ಷಿಸಲಾಗಿದೆ, ರಕ್ತದೊತ್ತಡ ನಾಡಿ ಎಲ್ಲ ಸರಿಯಾಗಿವೆ, ಯಾವ ಕಾಯಿಲೆಯೂ ಕಂಡುಬಂದಿಲ್ಲ, ಕೆಲಸ ಮಾಡಲು ಸಮರ್ಥರಿದ್ದಾರೆ. ಎರಡು ಪ್ರತಿ ಬರೆದೆ, ಒಂದು ಶಾಲೆಗೆ, ಒಂದು ಅವರಿಗೆ. ಟೀಚರ್ ಎರಡನ್ನೂ ಮಡಿಸಿಕೊಂಡು, "ಬರ್ತೀನ್ರೀ ಸಿಸ್ಟರ್," ಎಂದು ಮೆಟ್ಟಿಲು ಇಳಿದು ಹೋದರು. ಕೋಪ ಮಾಡಿಕೊಂಡಿದ್ದರೆ ನನಗೆ ಈಗ ಎಷ್ಟೋ ಸಮಾಧಾನ ಇರುತ್ತಿತ್ತು.

ಅವರು ಮತ್ತೆ ಕ್ಲಿನಿಕ್ಕಿಗೆ ಬರಲಿಲ್ಲ. ಶಾಲೆಯಲ್ಲಿ ಮೂರು ತಿಂಗಳು ನಿಂತು ಪಾಠ ಮಾಡಿದರಂತೆ. ಎರಡು ಸಲ ತರಗತಿಯಲ್ಲೇ ಬಿದ್ದರಂತೆ, ಎರಡನೇ ಸಲ ಬೆಂಚಿನ ಅಂಚು ಹಣೆಗೆ ಬಡಿಯಿತಂತೆ. ಕಾಯಿಲೆ ಇಲ್ಲ ಎಂದು ಡಾಕ್ಟರೇ ಬರೆದುಕೊಟ್ಟ ಮೇಲೆ ಬಿದ್ದರೆ ಅದಕ್ಕೆ ಏನು ಹೆಸರು? ನಾಟಕ ಎಂದರಂತೆ. ಪರೀಕ್ಷೆಗೆ ಮುಂಚೆಯೇ ಕೆಲಸ ಹೋಯಿತು. ಮುಂದಿನ ವರ್ಷ ಗಂಡ ಹೆಂಡತಿ ಮನೆ ಖಾಲಿ ಮಾಡಿ ಊರಿಗೆ, ಟೀಚರ್ ಅಣ್ಣನ ಮನೆಗೆ ಹೋದರು. ಇದನ್ನೆಲ್ಲ ದೊಡ್ಡಪ್ಪನ ಮಗಳು ಹೇಳಿದಾಗ ನಾನು, "ಪಾಪ" ಎಂದೆ. ಎಂದು, ಮುಂದಿನ ಟೋಕನ್ ಕೂಗಿದೆ.

ವರ್ಷಗಳು ಹೋದವು. ನಮ್ಮ ಡಾಕ್ಟರಿಗೆ ವಯಸ್ಸಾಯಿತು, ೨೦೧೮ರಲ್ಲಿ ಅವರ ಜಾಗಕ್ಕೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದರು. ಒಂದು ದಿನ ಕಾಲೇಜು ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಡೆಂಗ್ಯೂ ಬಂದು ಹೋದ ಮೇಲೆ ಸುಸ್ತು, ಲ್ಯಾಬಿನಲ್ಲಿ ನಿಲ್ಲಲು ಆಗುವುದಿಲ್ಲ. ನಾನು ಅಭ್ಯಾಸಬಲದಿಂದ, "ಕೂತ್ಕೊಳಮ್ಮ, ಐದು ನಿಮಿಷ" ಎಂದೆ. ಒಳಗಿನಿಂದ ಡಾಕ್ಟರಮ್ಮ ಎದ್ದು ಬಂದರು.

"ಬೇಡ ಸಿಸ್ಟರ್. ಮೊದಲು ಮಲಗಿಸಿ ನೋಡಿ. ಆಮೇಲೆ ನಿಲ್ಲಿಸಿ ನೋಡಿ. ಹತ್ತು ನಿಮಿಷ ನಿಂತೇ ಇರ್ಲಿ, ಎರಡೆರಡು ನಿಮಿಷಕ್ಕೆ ಬರ್ಕೊಳ್ತಾ ಹೋಗಿ. ಬೀಳ್ತಾಳೆ ಅನ್ಸಿದ್ರೆ ಹಿಡ್ಕೊಳ್ಳಿ."

ಮಲಗಿದ್ದಾಗ ಎಪ್ಪತ್ತಾರು. ನಿಂತ ಎರಡು ನಿಮಿಷಕ್ಕೆ ನೂರ ಹದಿನೆಂಟು. ಆರಕ್ಕೆ ನೂರ ಇಪ್ಪತ್ತೇಳು. ಬಿಪಿ ಅಲ್ಲಾಡಲಿಲ್ಲ, ನಾಡಿ ಮಾತ್ರ ಏರುತ್ತಲೇ ಹೋಯಿತು. ಹುಡುಗಿಯ ಪಾದ ನೋಡಿದೆ. ನೇರಳೆ ಬಣ್ಣ. ಅವಳು ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದಳು.

ನಾನು ಪಾದವನ್ನೇ ನೋಡುತ್ತ ನಿಂತದ್ದನ್ನು ಕಂಡು ಡಾಕ್ಟರಮ್ಮ ಕೊನೆಯ ಅಂಕಿಗಳನ್ನು ತಾವೇ ಬರೆದುಕೊಂಡರು. ಎಲ್ಲರೂ ಹೋದ ಮೇಲೆ ನನಗೆ ಬಿಡಿಸಿ ಹೇಳಿದರು. ಎದೆಬಡಿತ, ರಕ್ತದ ಓಟ, ಬೆವರು, ಇವನ್ನೆಲ್ಲ ನಾವು ಹೇಳದೆಯೇ ನೋಡಿಕೊಳ್ಳುವ ನರಗಳ ಒಂದು ಏರ್ಪಾಡು ಮೈಯಲ್ಲಿದೆ. ನಾವು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯದ ಹಾಗೆ ಅದು ಬಿಗಿ ಹಿಡಿಯಬೇಕು. ಹಿಡಿಯದಿದ್ದರೆ, ಮೇಲಿನ ಟ್ಯಾಂಕಿಗೆ ನೀರು ಹತ್ತದಾಗ ಮೋಟಾರು ಒಂದೇ ಸಮ ಓಡುವ ಹಾಗೆ, ಎದೆ ಓಡುತ್ತದೆ. ಕೂತರೆ, ಮಲಗಿದರೆ ಇಳಿಯುತ್ತದೆ. ಇದಕ್ಕೆ ಪಾಟ್ಸ್ ಎಂದು ಹೆಸರು. ಇಂಥವರಲ್ಲಿ ಹಲವರಿಗೆ ಉಪ್ಪು, ನೀರು ಜಾಸ್ತಿ ತೆಗೆದುಕೊಳ್ಳಿ ಎಂದು ನಾವೇ ಹೇಳುತ್ತೇವೆ ಎಂದರು. ಎಷ್ಟೋ ಕಡೆ ಕೂರಿಸಿ ಮಾತ್ರ ನೋಡುತ್ತಾರೆ, ಹಾಗಾಗಿ ತಪ್ಪಿಹೋಗುತ್ತದೆ ಎಂದೂ ಅಂದರು. ಅವರು ನನ್ನನ್ನು ಕುರಿತು ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಹಾಗೆ ಕೂತಿದ್ದೆ.

ಟೀಚರ್ ಕಥೆಯನ್ನು ಪೂರ್ತಿ ಹೇಳಿದೆ. ಪೆನ್ಸಿಲ್ಲು, ರಬ್ಬರು, ಎಲ್ಲ. ಕೆರೆಯ ನಡಿಗೆ ಕೇಳಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಅದು ಇನ್ನೊಂದು ಕಾಯಿಲೆ ಇರಬಹುದು ಎಂದರು. ದುಡಿದ ದಿನ ಏನೂ ಆಗದೆ, ಒಂದೆರಡು ದಿನ ಬಿಟ್ಟು ಮೈಯನ್ನು ನೆಲಕ್ಕೆ ಒಗೆಯುವ ದಣಿವಿನ ಕಾಯಿಲೆ. ನಿದ್ದೆಯಿಂದ ಹೋಗದ ದಣಿವು. ಅಂಥವರನ್ನು ಒತ್ತಾಯಿಸಿ ನಡೆಸಬಾರದು.

"ಹಂಗಾದ್ರೆ ಎರಡು ಕಾಯಿಲೆನಾ ಡಾಕ್ಟ್ರೇ, ಒಂದೇನಾ?"

"ಎರಡೂ ಒಬ್ಬರಲ್ಲೇ ಇರೋದು ಉಂಟು. ಒಂದರೊಳಗೆ ಒಂದು ಸೇರ್ಕೊಂಡಿರೋದೂ ಉಂಟು. ಎಲ್ಲಿ ಒಂದು ಮುಗಿಯುತ್ತೆ, ಎಲ್ಲಿ ಇನ್ನೊಂದು ಶುರುವಾಗುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ ಸಿಸ್ಟರ್. ಅದೂ ನೋಡದೇ ಇರೋ ಪೇಷೆಂಟ್ ಬಗ್ಗೆ ನಾನು ಹೇಳೋಕಾಗಲ್ಲ."

ಹೆಸರು ಸಿಕ್ಕರೆ ಎಲ್ಲ ತಿಳಿಯಾಗುತ್ತದೆ ಎಂದುಕೊಂಡಿದ್ದೆ. ಇನ್ನೂ ಕಲಸುಮೇಲೋಗರವಾಯಿತು. ಟೀಚರಿಗೆ ಇದ್ದದ್ದು ಇದೇನಾ? ಬಸ್ಸಿಗೆ ಓಡಿದ್ದು, ಆರು ದಿನ ಮಲಗಿದ್ದು, ಉಪ್ಪು ಚೀಪಿದ್ದು ಎಲ್ಲ ಒಂದೇ ದಾರದ ಮಣಿಗಳಾ? ನಾನು ಕೂರಿಸಿದ್ದು ತಪ್ಪಾ? ನನಗೆ ಕಲಿಸಿದ್ದೇ ಹಾಗೆ, ಬಿಪಿ ನೋಡುವುದಕ್ಕೆ ಅದು ಸರಿಯಾದ ಕ್ರಮವೇ, ಈಗಲೂ. ಆದರೆ ಆ ನೂರ ಮೂವತ್ತೆರಡನ್ನು ಉಜ್ಜಿ ಹಾಕಲು ನನಗೆ ಯಾರೂ ಕಲಿಸಿರಲಿಲ್ಲ... ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಭಾನುವಾರವೇ ಕೋಗಿಲಿಗೆ ಹೋದೆ. "ಅವ್ರು ಓಗಿ ಐದಾರ್ ವರ್ಸ ಆಯ್ತಲ್ಲಕ್ಕ, ಈಗೇನ್ ಇದ್ದಕ್ಕಿದ್ದಂಗೆ?" ಎಂದು ದೊಡ್ಡಪ್ಪನ ಮಗಳು ಆಶ್ಚರ್ಯಪಟ್ಟಳು. ಹಳೇ ಡೈರಿಯಲ್ಲಿ ಟೀಚರ್ ಅಣ್ಣನ ಮನೆಯ ವಿಳಾಸವೂ ನಂಬರೂ ಇತ್ತು. ಅವಳ ಮನೆಯ ಜಗಲಿಯಲ್ಲೇ ಕೂತು ಫೋನ್ ಮಾಡಿದೆ. ಯಾರೋ ಎತ್ತಿ, ಬಹಳ ಹೊತ್ತಿನ ಮೇಲೆ ಟೀಚರ್ ದನಿ ಬಂತು. ಗುರುತು ಹಿಡಿದರು. ನಾನು ಯಾರು ಎಂದು ಹೇಳುವ ಮುಂಚೆಯೇ, "ಸಿಸ್ಟರ್ ಏನ್ರೀ?" ಎಂದರು. ನನಗೆ ಅಳು ಬಂತು.

ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಿಮಗೆ ಕಾಯಿಲೆ ಇತ್ತು ಟೀಚರ್, ಇದ್ದಿರಬಹುದು, ನಾನು ನಿಂತಾಗ ನೋಡಿದ ನಾಡಿಯನ್ನು ಅಳಿಸಿಹಾಕಿದೆ, ದೊಡ್ಡ ಆಸ್ಪತ್ರೆಗೆ ಹೋಗಿ, ಮಲಗಿಸಿ ನಿಲ್ಲಿಸಿ ನೋಡಿ ಎಂದು ಹೇಳಿ. ನಾನು ಮುಗಿಸಿದ ಮೇಲೆ ಅವರು ಮೆಲ್ಲಗೆ, "ನೀವು ಬರದ ಕಾಗದ ನನ್ನ ಕಡೆ ಇನ್ನೂ ಐತ್ರೀ," ಎಂದರು.

"ಹರಿದು ಹಾಕಿ ಅದನ್ನ."

"ಯಾಕ ಹರೀಲ್ರೀ? ಮುಂಜಾನೆ ಏಳಾಕ ಆಗದಿದ್ರ ಅದನ್ನ ತಗದು ಓದ್ಕೋತೀನಿ. ಯಾವ ಕಾಯಿಲೆನೂ ಇಲ್ಲಂತ ಚಂದಂಗ ಬರದಾರ, ಏಳ ಮೈಗಳ್ಳಿ, ಅಂತ ನನಗ ನಾನ ಬೈಕೋತೀನಿ. ಒಂದೊಂದ್ ದಿನ ಏಳ್ತೀನ್ರೀ. ಎದ್ದು ಒಲಿ ಮುಂದ ನಿಂದರ್ತೀನಿ, ಆಗೂ ಮಟ."

ನಾನು, "ಹಾಗೆ ಮಾಡ್ಬೇಡಿ ಟೀಚರ್, ಅದು ಸುಳ್ಳು, ನಾನು ಬರೆದದ್ದು ಸುಳ್ಳು," ಎಂದೆ.

ಅವರು ನಕ್ಕರು. ನಕ್ಕದ್ದೋ ಉಸಿರು ಬಿಟ್ಟದ್ದೋ ತಿಳಿಯಲಿಲ್ಲ. "ಈಗ ಕಾಯಿಲೆ ಇತ್ತಂದ್ರ ಹೆಂಗ್ರೀ ಸಿಸ್ಟರ್? ಈ ಏಳು ವರ್ಷ ನಾ ಬೈಕೊಂಡಿದ್ದೆಲ್ಲಾ ಏನ್ ಮಾಡ್ಲಿ? ನಮ್ಮನಿಯವ್ರು ಬೈದದ್ದು, ನಮ್ಮವ್ವ ಸಾಯೂ ಮಟ ಬೈದದ್ದು..." ದಣಿವಾಯಿತು, ಇಡುತ್ತೇನೆ ಎಂದರು.

ಮರುದಿನ ಡಾಕ್ಟರಮ್ಮನ ಹತ್ತಿರ ಕೇಳಿ, ಆ ಪರೀಕ್ಷೆಯನ್ನು ಹೇಗೆ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದೆ. ಅದರ ಕೆಳಗೆ, ೨೦೧೧ರ ಕೊನೆಯಲ್ಲಿ ಒಂದು ದಿನ ಇವರು ನಿಂತಿದ್ದಾಗ ನಾಡಿ ನೂರ ಮೂವತ್ತೆರಡು ಇತ್ತು, ನಾನೇ ಎಣಿಸಿದ್ದೆ, ಅದನ್ನು ಬರೆಯದೆ ಬಿಟ್ಟದ್ದು ನನ್ನ ತಪ್ಪು ಎಂದು ಬರೆದು ನನ್ನ ಸಹಿ ಹಾಕಿ ಅಂಚೆಗೆ ಹಾಕಿದೆ. ನನ್ನ ಸಹಿಗೆ ಬೆಲೆಯಿಲ್ಲ, ನಾನು ಡಾಕ್ಟರಲ್ಲ. ಆದರೂ ಹಾಕಿದೆ. ಆಮೇಲೆ ಎರಡು ಮೂರು ಸಲ ಫೋನ್ ಮಾಡಿದೆ, ಅವರ ಅಣ್ಣ ಎತ್ತಿ, ಮಲಗಿದ್ದಾಳೆ ಎಂದರು. ಈಚೆಗೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬರುತ್ತದೆ.

ಹೋದ ತಿಂಗಳು ನಾನೂ ಕ್ಲಿನಿಕ್ಕಿನ ಕೆಲಸ ಬಿಟ್ಟೆ. ಬೆಳಿಗ್ಗೆ ಎದ್ದರೆ ಮಾಡಲು ಹೆಚ್ಚೇನೂ ಇಲ್ಲ, ಹಾಗಾಗಿ ಬೇಡದ್ದೆಲ್ಲ ನೆನಪಾಗುತ್ತದೆ. ನನ್ನ ಎರಡನೇ ಕಾಗದ ಟೀಚರಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ. ತಲುಪಿದ್ದರೆ ಈಗ ಅವರ ಹತ್ತಿರ ನಾನು ಬರೆದ ಎರಡು ಕಾಗದಗಳಿವೆ. ಇವತ್ತು ಬೆಳಿಗ್ಗೆ ಏಳಲಾಗದೆ ಮಲಗಿದ್ದಾಗ ಅವರು ಯಾವುದನ್ನು ತೆಗೆದು ಓದಿಕೊಂಡರೋ.